ಅರಸನ ಮಗ ಅರಸನಾಗದ ಊರು

ನಾನು ಬರೆದ ಮೊದಲ ಕಥೆಗೆ ಸಿಕ್ಕಿದ ಮೊದಲ ವಿಮರ್ಶೆ ಒಂದೇ ಸಾಲಿನದ್ದು. ‘ಇದನ್ನು ಇವಳಿಗೆ ಹೇಳಿಕೊಟ್ಟದ್ದು ಯಾರು?’ ಕೇಳಿದವರು ನನ್ನ ಅತ್ತೆ, ಅಪ್ಪನ ತಂಗಿ. ಕೇಳಿದ್ದು ನನ್ನನ್ನಲ್ಲ, ಅಪ್ಪನನ್ನು. ನಾನಾದರೋ ಕೊನೆಯ ವಾಕ್ಯ ಓದಿ ಮುಗಿಸಿ, ಮನೆಯ ಚಾವಡಿ ತುಂಬ ಕುಳಿತಿದ್ದ ನೆಂಟರು ಈಗ ಚಪ್ಪಾಳೆ ತಟ್ಟುತ್ತಾರೆ, ಇನ್ನೇನು ತಟ್ಟುತ್ತಾರೆ ಎಂದು ಕಾಯುತ್ತಾ ನಿಂತಿದ್ದೆ. ಇಷ್ಟು ವರ್ಷ ಕಳೆದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ಘಟ್ಟದ ಕೆಳಗೆ ಕಡಬದ ಹತ್ತಿರದ ಹಳ್ಳಿ, ನಾನು ಒಂಬತ್ತನೇ ಕ್ಲಾಸು. ಹೈಸ್ಕೂಲಿನ ಕನ್ನಡ ಪಂಡಿತರು ಘಟ್ಟದ ಮೇಲಿನವರು. ಅವರ ಸುಪರ್ದಿಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಅದರೊಳಗೆ ಮಕ್ಕಳಿಗಾಗಿ ಬರೆದ ಐತಿಹಾಸಿಕ ಸಾಹಸ ಕಾದಂಬರಿಗಳು: ಕೋಟೆ, ಕಂದಕ, ಸುರಂಗ, ಮುರಿದ ಮುದ್ರೆಯುಂಗುರ, ವಿಷದ ಬಟ್ಟಲು. ಬೇರೆ ಹುಡುಗಿಯರು ಮಲ್ಲಿಗೆ ಮುಡಿಯಲು ಕಲಿಯುತ್ತಿದ್ದ ಕಾಲದಲ್ಲಿ ನಾನು ಕೋಟೆಗೆ ಲಗ್ಗೆ ಹಾಕುವುದನ್ನು ಕಲಿಯುತ್ತಿದ್ದೆ. ಆ ಪುಸ್ತಕಗಳಲ್ಲೆಲ್ಲ ಆಗುವುದು ಒಂದೇ. ಒಬ್ಬ ಅರಸ ಸಾಯುತ್ತಾನೆ. ಒಬ್ಬ ದುಷ್ಟ ಸಿಂಹಾಸನ ಕಬಳಿಸುತ್ತಾನೆ. ಅರಸನ ಮಗ ಸುರಂಗದಲ್ಲಿ ತಪ್ಪಿಸಿಕೊಂಡು ಹೋಗಿ, ಸೈನ್ಯ ಕಟ್ಟಿಕೊಂಡು ಬಂದು, ಅಪ್ಪನ ಗದ್ದುಗೆಯನ್ನು ಗೆದ್ದುಕೊಳ್ಳುತ್ತಾನೆ. ಹೀಗೇ ಆಗುತ್ತದೆಂದು ಗೊತ್ತಿದ್ದೂ ಪ್ರತಿ ಸಲ ನನಗೆ ಉಸಿರು ಕಟ್ಟುತ್ತಿತ್ತು.

ಕಪಾಟು ಖಾಲಿಯಾಯಿತು. ಆಗ ನನಗೊಂದು ಸಿಟ್ಟು ಹತ್ತಿತು. ಎಲ್ಲ ಕೋಟೆಗಳೂ ಘಟ್ಟದ ಮೇಲೆಯೇ ಯಾಕೆ? ನಮ್ಮ ಕಡೆ ಅರಸರು ಇರಲಿಲ್ಲವೇ, ಅವರಿಗೆ ಹೊಟ್ಟೆಯುರಿ ಇರಲಿಲ್ಲವೇ? ಪಂಡಿತರನ್ನು ಕೇಳಿದರೆ ಮೂಗಿಗೆ ನಶ್ಯ ಏರಿಸಿಕೊಂಡು, ‘ನೀನೇ ಬರಿಯಮ್ಮ, ಚೆನ್ನಾಗಿ ಬಂದರೆ ಬೆಂಗಳೂರಿನ ಮಕ್ಕಳ ಮಾಸಪತ್ರಿಕೆಗೆ ಕಳಿಸೋಣ’ ಎಂದರು. ಅವರು ತಮಾಷೆಗೆ ಹೇಳಿದರೋ ಏನೋ, ನಾನು ಅದನ್ನು ರಾಜಾಜ್ಞೆಯೆಂದೇ ತಿಳಿದೆ.

ನನ್ನ ಕೋಟೆಯನ್ನು ಕುಮಾರಧಾರೆಯ ಆಚೆ ದಡದ ಗುಡ್ಡದ ಮೇಲೆ ಕಟ್ಟಿದೆ. ಕಾಲ ಐದಾರು ನೂರು ವರ್ಷ ಹಿಂದಿನದು ಎಂದುಕೊಂಡೆ. ಕುದುರೆ ಬೇಕಿತ್ತು. ಆದರೆ ನಾನು ಹತ್ತಿರದಿಂದ ಕುದುರೆ ನೋಡಿದವಳೇ ಅಲ್ಲ. ಕೊಯಿಲದ ಜಾನುವಾರು ಫಾರ್ಮಿನಲ್ಲಿ ಒಂದು ದೈತ್ಯ ಹೋರಿ ಇತ್ತು, ಬೇಲಿಯ ಹತ್ತಿರ ಹೋದರೆ ಬುಸ್ಸೆಂದು ನೆಲ ಕೆರೆಯುತ್ತಿತ್ತು. ಅದಕ್ಕೇ ಜೀನು ಹಾಕಿ ಯುವರಾಜನನ್ನು ಹತ್ತಿಸಿದೆ. ಯುವರಾಜನಿಗೆ ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನ ಮುಖ ಕೊಟ್ಟೆ, ತಲೆಗೂದಲು ಬಾಚಿಕೊಳ್ಳದ ಅವನ ಸೋಮಾರಿತನವನ್ನು ಮಾತ್ರ ಬಿಟ್ಟೆ.

ಖಳನಾಯಕನಿಗೆ ಹುಡುಕಾಡಬೇಕಾಗಲಿಲ್ಲ. ಅತ್ತೆಯ ಮಗ, ನಮ್ಮ ಬಾವ, ಆಗ ಪುತ್ತೂರಿನಲ್ಲಿ ಕಾಲೇಜು ಕಲಿಯುತ್ತಿದ್ದ. ರಜೆ ಸಿಕ್ಕಿತೆಂದರೆ ನಮ್ಮಲ್ಲಿಗೆ ಬರುತ್ತಿದ್ದ. ಬಂದವನೇ ಅಪ್ಪನ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಹೊಸದಾಗಿ ಚಿಗುರಿದ ಮೀಸೆಯನ್ನು ತೀಡುತ್ತಾ, ‘ಎಂತ ಮಾರಾಯ್ತಿ, ಇನ್ನೂ ಪುಸ್ತಕದ ಒಳಗೆಯೇ ಇದ್ದೀಯಾ?’ ಎಂದು ನನ್ನನ್ನು ಕೆಣಕುತ್ತಿದ್ದ. ಆ ಮೀಸೆ, ಆ ಕುರ್ಚಿ, ಆ ನಗು ಎಲ್ಲವೂ ನನ್ನ ಖಳನಿಗೆ ಹೋದವು. ಕಥೆಯಲ್ಲಿ ಅವನು ಅರಸನ ತಂಗಿಯ ಮಗ. ಮುದಿ ಅರಸ ಕಣ್ಣು ಮುಚ್ಚಿದ ದಿನವೇ ಗದ್ದುಗೆ ಹತ್ತಿ ಕುಳಿತು, ಯುವರಾಜನನ್ನೂ ರಾಜಕುಮಾರಿಯನ್ನೂ ಹಿಡಿದು ತರಲು ಭಟರನ್ನು ಅಟ್ಟುವವನು. ಕೊನೆಯ ಅಧ್ಯಾಯದಲ್ಲಿ ಯುವರಾಜ ಅವನನ್ನು ಕೋಟೆಯ ಬಂಡೆಯಿಂದ ಕೆಳಗೆ ದೂಡುತ್ತಾನೆ. ಆ ದೂಡುವ ಭಾಗ ಬರೆಯುವಾಗ ಸಿಕ್ಕಿದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ.

ಬರೆದದ್ದನ್ನು ಸಂಜೆ ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅಪ್ಪ ಮನೆಯ ಯಜಮಾನ. ಊರಿನವರು ಅವರ ಎದುರು ಹೆಗಲ ಬೈರಾಸು ಕೆಳಗಿಳಿಸಿ ಮಾತನಾಡುತ್ತಿದ್ದರು. ಅಂಥವರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡು, ಉಗುಳಲು ಏಳುವುದನ್ನೂ ಮರೆತು, ನನ್ನ ಸುರಂಗದೊಳಗೆ ಕುಳಿತಿರುತ್ತಿದ್ದರು. ಯುವರಾಜ ತಂಗಿಯ ಕೈ ಹಿಡಿದು ಸುರಂಗದಿಂದ ಹೊಳೆಯ ದಡಕ್ಕೆ ಬಂದು ಬೀಳುವ ಅಧ್ಯಾಯ ಮುಗಿದಾಗ ಅವರು ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದರು. ಆಮೇಲೆ, ‘ಪಾಪ, ಆ ಮಕ್ಕಳು ಇನ್ನು ಎಲ್ಲಿಗೆ ಹೋಗುದು?’ ಎಂದರು. ನನ್ನ ಬರವಣಿಗೆ ಅಷ್ಟು ಚೆನ್ನಾಗಿದೆ ಎಂದು ನಾನು ಬೀಗಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಮಾತ್ರ ಒಳಗೆ ಹೋದರು.

ಕೊನೆಯ ಅಧ್ಯಾಯವನ್ನು ಅಪ್ಪನಿಗೂ ಮೊದಲೇ ಓದಿರಲಿಲ್ಲ. ಹೊಸ ಅಕ್ಕಿ ಊಟದ ದಿನ ಎಲ್ಲರ ಎದುರು ಓದುತ್ತೇನೆಂದು ಹಠ ಹಿಡಿದಿದ್ದೆ. ಹೊಸ ಬೆಳೆಯ ಅಕ್ಕಿಯನ್ನು ಮೊದಲು ಉಣ್ಣುವ ಆ ದಿನ ಕುಟುಂಬದವರು ಎಲ್ಲಿದ್ದರೂ ಮೂಲದ ಮನೆಗೆ ಬರಬೇಕು. ಹಿರಿಯರ ಅಪ್ಪಣೆ ಕೇಳಿಯೇ ಹೊಸತು ಉಣ್ಣುವುದು, ಉಂಡ ಮೇಲೆ ಕಿರಿಯರು ಹಿರಿಯರ ಕಾಲು ಹಿಡಿಯುವುದು. ಪುತ್ತೂರಿನಿಂದ ಅತ್ತೆ ಬಂದಿದ್ದರು, ಬಾವ ಬಂದಿದ್ದ, ಚಿಕ್ಕಜ್ಜಿಯರು, ಅವರ ಮಕ್ಕಳು, ಎಲ್ಲರೂ ಇದ್ದರು. ಊಟ ಮುಗಿಯಿತು, ಕಾಲು ಹಿಡಿದದ್ದಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡು, ‘ನಮ್ಮ ಮಗಳು ಒಂದು ಕಥೆ ಬರೆದಿದ್ದಾಳೆ. ಎಲ್ಲರೂ ಸ್ವಲ್ಪ ಕೂತು ಕೇಳಿ. ಓದು ಮಗಾ’ ಎಂದರು. ಅವರ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿ, ಕೊನೆಯ ಅಧ್ಯಾಯವನ್ನು ಏರುದನಿಯಲ್ಲಿ ಓದಿದೆ. ಖಳ ಬಂಡೆಯಿಂದ ಉರುಳಿದ. ಯುವರಾಜ ಅಪ್ಪನ ಗದ್ದುಗೆಯ ಮೇಲೆ ಕುಳಿತ. ‘ಕಳ್ಳನ ಕೈಯಿಂದ ರಾಜ್ಯ ಅದರ ನಿಜವಾದ ಒಡೆಯನಿಗೆ ಸೇರಿತು’ ಎಂಬುದು ನನ್ನ ಕೊನೆಯ ವಾಕ್ಯ. ತಲೆಯೆತ್ತಿ ನೋಡಿದರೆ ಚಾವಡಿಯಲ್ಲಿ ಒಬ್ಬರೂ ಒಬ್ಬರ ಮುಖ ನೋಡುತ್ತಿರಲಿಲ್ಲ.

‘ಕಳ್ಳ ಯಾರು?’ ಅತ್ತೆ ನನ್ನನ್ನು ಕೇಳಿದರು.

‘ಅರಸನ ತಂಗಿಯ ಮಗ.’

‘ಅವನು ಕದ್ದದ್ದು ಎಂತ?’

‘ಗದ್ದುಗೆ.’

‘ಅರಸ ಸತ್ತ ಮೇಲೆ ಗದ್ದುಗೆ ಅವನದ್ದೇ ಅಲ್ವಾ? ಅವನದ್ದನ್ನು ಅವನು ಹೇಗೆ ಕದಿಯುದು?’

ನನಗೆ ಅರ್ಥವೇ ಆಗಲಿಲ್ಲ. ಪೆದ್ದಿಯ ಹಾಗೆ, ‘ಅರಸನಿಗೆ ಮಗ ಇದ್ದಾನಲ್ಲ ಅತ್ತೆ’ ಎಂದೆ. ಆಗ ಅತ್ತೆ ಅಪ್ಪನ ಕಡೆ ತಿರುಗಿದರು. ‘ಇದನ್ನು ಇವಳಿಗೆ ಹೇಳಿಕೊಟ್ಟದ್ದು ಯಾರು ಅಣ್ಣ? ನಿಮ್ಮ ಮನಸ್ಸಿನಲ್ಲಿ ಉಂಟಾದರೆ ನನಗೆ ನೇರ ಹೇಳಬಹುದಿತ್ತು. ಹೊಸತು ಉಂಡ ದಿನ, ನನ್ನ ಮಗನನ್ನು ಕೂರಿಸಿಕೊಂಡು, ಮಕ್ಕಳ ಬಾಯಿಂದ ಹೇಳಿಸುದಾ?’

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮದು ಅಳಿಯಕಟ್ಟು. ಮನೆ, ಆಸ್ತಿ, ಯಜಮಾನಿಕೆ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿ. ಯಜಮಾನ ತೀರಿಕೊಂಡರೆ ಅವನ ಜಾಗಕ್ಕೆ ಬರುವವನು ಅವನ ಮಗನಲ್ಲ, ಅವನ ತಂಗಿಯ ಮಗ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಪಂಕ್ತಿಯಲ್ಲಿ ಅಪ್ಪನ ಪಕ್ಕದ ಎಲೆ ಬಾವನಿಗೆ, ನನ್ನ ತಮ್ಮನಿಗೆ ಸಾಲಿನ ಕೊನೆ ಎಂಬುದನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೆ. ಅಪ್ಪನ ಕುರ್ಚಿಯಲ್ಲಿ ಅವನು ಕುಳಿತರೆ ಯಾರೂ ಏಳು ಎನ್ನುತ್ತಿರಲಿಲ್ಲ. ಇದೆಲ್ಲ ನನಗೆ ಬಾಯಿಪಾಠ. ಆದರೆ ಅದು ದೊಡ್ಡವರ ಮಾತು, ಮದುವೆ ಮಾತುಕತೆಯ ಹೊತ್ತಿನಲ್ಲಿ ಬರುವ ಮಾತು. ನಾನು ಮಲಗುವ ಕೋಣೆಗೂ ಅದಕ್ಕೂ ಸಂಬಂಧ ಉಂಟೆಂದು ಒಂದು ದಿನವೂ ಹೊಳೆದಿರಲಿಲ್ಲ. ಘಟ್ಟದ ಮೇಲಿನ ಯುವರಾಜರನ್ನು ಓದಿ ಓದಿ, ನಮ್ಮ ನೆಲದ ಮೇಲೆ ನಮ್ಮಲ್ಲಿ ಎಂದೂ ಇರದಿದ್ದ ಒಬ್ಬ ಹಕ್ಕುದಾರನನ್ನು ನಿಲ್ಲಿಸಿಬಿಟ್ಟಿದ್ದೆ. ನನ್ನ ಕಥೆಯಲ್ಲಿ ನಿಜವಾದ ಒಡೆಯ ಬಂಡೆಯಿಂದ ಬಿದ್ದು ಸತ್ತಿದ್ದ. ದಾಳಿಕೋರ ಗದ್ದುಗೆಯ ಮೇಲಿದ್ದ. ಅದುವರೆಗಿನ ಅಧ್ಯಾಯಗಳ ಕಾಗುಣಿತದ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದ್ದ ಪಂಡಿತರಿಗೂ ಇದು ಕಂಡಿರಲಿಲ್ಲ. ಅವರ ಊರಿನಲ್ಲಿ ಇದು ತಪ್ಪೇ ಅಲ್ಲ.

ಅತ್ತೆ ಹಾಗೆ ಉರಿದು ಬೀಳಲು ಆ ಕಾಲದ ಗಾಳಿಯೂ ಕಾರಣ. ಗೇಣಿಗೆ ಕೊಟ್ಟ ಗದ್ದೆಗಳೆಲ್ಲ ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಉಳುವವರಿಗೆ ಹೋಗುತ್ತಿದ್ದವು. ಉಳಿದದ್ದು ಮನೆ, ಸುತ್ತಲಿನ ಸ್ವಲ್ಪ ಜಾಗ. ಅಷ್ಟರಲ್ಲಿ ಸರಕಾರದ ಕಾನೂನು ಮಕ್ಕಳಿಗೂ ಹಕ್ಕು ಕೊಟ್ಟಿದೆಯೆಂದು ಪುತ್ತೂರಿನ ಕೋರ್ಟಿನ ಎದುರಿನ ಹೋಟೆಲುಗಳಲ್ಲಿ ಎಲ್ಲರೂ ವಕೀಲರೇ ಆಗಿದ್ದರು. ಯಾವ ಯಜಮಾನ ಗುಟ್ಟಾಗಿ ಹೆಂಡತಿ ಮಕ್ಕಳ ಹೆಸರಿಗೆ ಪಾಲು ಮಾಡಿಸಿದ ಎಂಬುದೇ ಮನೆಮನೆಯ ಸುದ್ದಿ. ಅಣ್ಣ ತಂಗಿ ಮಾತು ಬಿಟ್ಟ ಮನೆಗಳು ನಮ್ಮ ಸುತ್ತಲೇ ಇದ್ದವು.

‘ಅವಳು ಮಗು. ಕಥೆ ಅದು,’ ಎಂದರು ಅಪ್ಪ.

‘ಕಥೆಯಾದರೆ ಆಯ್ತು. ಇಷ್ಟು ಆಸೆ ಉಂಟಾದರೆ ಅದಕ್ಕೂ ದಾರಿ ಉಂಟು. ಹುಡುಗಿಯನ್ನು ನನ್ನ ಮಗನಿಗೆ ಕೊಡಿ. ಅವಳು ಇಲ್ಲೇ ಇರಲಿ, ಯಾರು ಬೇಡ ಹೇಳ್ತಾರೆ?’

ಅಪ್ಪನ ಮಗಳನ್ನು ಅದೇ ಮನೆಯಲ್ಲಿ ಉಳಿಸಿಕೊಳ್ಳಲು ಹಿಂದಿನಿಂದ ನಡೆದು ಬಂದ ಉಪಾಯ ಅದು. ನಾನು ಹೆದರಿ ಬಾವನ ಕಡೆ ನೋಡಿದೆ. ಬಂಡೆಯಿಂದ ದೂಡಿ ಇನ್ನೂ ಐದು ನಿಮಿಷವಾಗಿರಲಿಲ್ಲ, ಅಷ್ಟರಲ್ಲಿ ಅವನು ನನ್ನ ಗಂಡನಾಗಿ ಎದ್ದು ಬರುತ್ತಿದ್ದ! ಅವನು ಮೀಸೆ ತೀಡಿಕೊಂಡು, ‘ಬೇಡಪ್ಪ. ಕಥೆಯಲ್ಲೇ ಇಷ್ಟು ಜೋರಾಗಿ ದೂಡಿದವಳು, ಮದುವೆಯಾದರೆ ಬಾವಿಗೆ ಹಾಕ್ತಾಳೆ’ ಎಂದ. ಚಾವಡಿ ಗೊಳ್ಳೆಂದು ನಕ್ಕಿತು. ನನ್ನ ಖಳನಾಯಕ ನನ್ನನ್ನು ಪಾರು ಮಾಡಿದ್ದ. ಅವಮಾನದಿಂದ ಕಿವಿ ಕೆಂಪಾಗಿದ್ದರೂ ಅವನ ಬಗ್ಗೆ ಮೊದಲ ಬಾರಿಗೆ ನನಗೆ ಪ್ರೀತಿ ಹುಟ್ಟಿತು.

ಅತ್ತೆ ನಗಲಿಲ್ಲ. ‘ಅಣ್ಣ ಬಾಯಿ ಬಿಟ್ಟು ಹೇಳಲಿ. ಮತ್ತೆ ನಾನು ಒಂದು ಮಾತು ಆಡುದಿಲ್ಲ,’ ಎಂದರು.

ಅಪ್ಪ ಎದ್ದು ನಿಂತರು. ದೈವದ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಅದರ ಬಾಗಿಲು ಚಾವಡಿಗೇ ತೆರೆದುಕೊಂಡಿತ್ತು. ಅವರು ದೀಪವನ್ನು ನೋಡಿದರು, ನನ್ನನ್ನು ನೋಡಲಿಲ್ಲ. ‘ಈ ಮನೆ ನಿನ್ನದು, ನಿನ್ನ ಮಗನದ್ದು. ನನ್ನ ಮಕ್ಕಳಿಗೆ ಇಲ್ಲಿ ಒಂದು ಕಲ್ಲೂ ಇಲ್ಲ. ಸಾಕಾ?’ ಎಂದರು.

‘ಸಾಕು,’ ಎಂದರು ಅತ್ತೆ. ಅವರು ಅಳುತ್ತಿದ್ದರು.

ಓದಿದ ಕಾದಂಬರಿಗಳಲ್ಲಿ ಎಷ್ಟೋ ಮಕ್ಕಳು ರಾಜ್ಯಭ್ರಷ್ಟರಾಗುವುದನ್ನು ನೋಡಿದ್ದೆ. ಅವರನ್ನು ಶತ್ರುಗಳು ಓಡಿಸುತ್ತಿದ್ದರು. ನಮ್ಮನ್ನು ಅಪ್ಪ, ಹೊಸ ಅಕ್ಕಿ ಉಂಡ ಬಾಯಿಯಿಂದ, ಹಾಡುಹಗಲಲ್ಲಿ, ಯಾರ ಮೇಲೂ ಸಿಟ್ಟಿಲ್ಲದೆ ಹೊರಗೆ ಹಾಕಿದ್ದರು. ತಮ್ಮ ನನ್ನ ಲಂಗದ ತುದಿ ಹಿಡಿದು, ‘ನಾವು ಎಂತ ಮಾಡಿದ್ದು ಅಕ್ಕ?’ ಎಂದು ಕೇಳಿದ. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಆ ಸಂಜೆ ಅವರು ಕರೆದರೂ ಹೋಗಲಿಲ್ಲ.

ಮರುದಿನ ಅಪ್ಪ, ‘ಕಥೆ ಕಳಿಸುವ ಮೊದಲು ಸರಿ ಮಾಡು ಮಗಾ’ ಎಂದಷ್ಟೇ ಹೇಳಿದರು. ಸರಿ ಮಾಡಲು ಕುಳಿತೆ. ಅಳಿಯನೇ ನ್ಯಾಯವಾದ ಅರಸನಾದರೆ ಸುರಂಗ ಬೇಡ, ಭಟರು ಬೇಡ, ಕೊಯಿಲದ ಹೋರಿಯಂಥ ಕುದುರೆ ಬೇಡ. ಅರಸ ಸತ್ತ ಮೇಲೆ ಅರಸನ ಮಗ ಮಾಡಬೇಕಾದ್ದು ಒಂದೇ: ಬಟ್ಟೆಯ ಗಂಟು ಕಟ್ಟಿಕೊಂಡು, ತಾಯಿಯ ಹಿಂದೆ, ಮುಂಬಾಗಿಲಿನಿಂದಲೇ ನಡೆದು ಸೋದರಮಾವನ ಮನೆಗೆ ಹೋಗುವುದು. ಯಾರೂ ಬೆನ್ನಟ್ಟುವುದಿಲ್ಲ. ದಾರಿಯಲ್ಲಿ ಬುತ್ತಿಗೆ ಅನ್ನ ಬೇಕಾದರೆ ಹೊಸ ಅರಸನೇ ಕಟ್ಟಿಸಿ ಕೊಡುತ್ತಾನೆ. ಇದನ್ನು ಯಾವ ಮಾಸಪತ್ರಿಕೆಯ ಮಕ್ಕಳು ಉಸಿರು ಬಿಗಿಹಿಡಿದು ಓದುತ್ತಾರೆ? ಅಲ್ಲಿಗೇ ಬಿಟ್ಟೆ. ಪಂಡಿತರು ಕೇಳಿದಾಗ ಮುಗಿಯಲಿಲ್ಲ ಎಂದೆ.

ಎಂಬತ್ತರ ದಶಕ ಶುರುವಾದ ಮೇಲೆ, ನಾನು ಡಿಗ್ರಿ ಮುಗಿಸಿದ ವರ್ಷ, ಅಪ್ಪ ಎದೆನೋವೆಂದು ಮಲಗಿದವರು ಏಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು, ಬಾವ ಯಜಮಾನಿಕೆಗೆ ಕುಳಿತ. ಮೀಸೆ ಈಗ ದಪ್ಪವಾಗಿತ್ತು, ಕಣ್ಣು ಊದಿಕೊಂಡಿದ್ದವು. ನಮ್ಮೆಲ್ಲರಿಗಿಂತ ಹೆಚ್ಚು ಅತ್ತವನು ಅವನೇ. ಅಮ್ಮನ ಹತ್ತಿರ ಬಂದು, ‘ನೀವು ಎಲ್ಲಿಗೂ ಹೋಗುದು ಬೇಡ ಅತ್ತೆ. ಇರುವಷ್ಟು ದಿನ ಇರಿ’ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಇರುವಷ್ಟು ದಿನ ಇರಿ ಎಂದು ನೆಂಟರಿಗೆ ಹೇಳುವುದು. ಅಮ್ಮ ಅಂದೇ ಟ್ರಂಕು ತೆಗೆದರು.

ತಮ್ಮನಿಗೆ ರಕ್ತ ಕುದಿಯುತ್ತಿತ್ತು. ಕಾನೂನಿದೆ, ಅಪ್ಪನ ಪಾಲು ನಮಗೆ ಬರಬೇಕು, ಪುತ್ತೂರಿನಲ್ಲಿ ಕೇಸು ಹಾಕೋಣ ಎಂದು ಕೂಗಾಡಿದ. ನನಗೂ ಅವನ ಮಾತು ಸರಿಯೆನಿಸಿತು. ಅಮ್ಮ ಸೀರೆ ಮಡಚುತ್ತಿದ್ದವರು ಕೈ ನಿಲ್ಲಿಸಿ ಹೇಳಿದರು: ‘ಅವರು ದೀಪದ ಎದುರು ಮಾತು ಕೊಟ್ಟಾಗಿದೆ. ಅದನ್ನು ನಾನು ಮುರಿಯುದಿಲ್ಲ. ಅವರಿಗೂ ಮನಸ್ಸಿತ್ತು ಮಗಾ. ಆ ವರ್ಷ, ಹೊಸ ಅಕ್ಕಿ ಊಟಕ್ಕೆ ಸ್ವಲ್ಪ ಮೊದಲು, ಪುತ್ತೂರಿಗೆ ಹೋಗಿ ವಕೀಲರಲ್ಲಿ ಮಾತಾಡಿ ಬಂದಿದ್ದರು. ತನ್ನ ಪಾಲನ್ನು ಬೇರೆ ಮಾಡಿ ನಿಮ್ಮಿಬ್ಬರ ಹೆಸರಿಗೆ ಮಾಡುದು ಅಂತ. ನನಗೆ ಮಾತ್ರ ಹೇಳಿದ್ದು.’

ಹಾಗಾದರೆ ಅತ್ತೆಯ ಸಂಶಯ ನಿಜವಾಗಿತ್ತು. ಅಪ್ಪ ನನಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

‘ಏಕಾಏಕಿ ಯಾಕೆ ಹೋದರು ಅಮ್ಮ?’

‘ಇನ್ನು ಯಾಕೆ? ಸಂಜೆ ಸಂಜೆ ನೀನು ಓದುದನ್ನು ಕೇಳಿ. ಆ ಮಕ್ಕಳು ಸುರಂಗದಿಂದ ಬಂದು ಹೊಳೆಯ ಹತ್ತಿರ ಬಿದ್ದದ್ದು ಕೇಳಿದ ದಿನ ಅವರು ಊಟ ಮಾಡಲಿಲ್ಲ. ನನ್ನ ಮಕ್ಕಳಿಗೂ ಹಾಗೇ ಅಲ್ವಾ ಅಂದರು.’

ಅಂದರೆ ಅಪ್ಪನನ್ನು ವಕೀಲರ ಮನೆಗೆ ಕಳಿಸಿದ್ದು ನನ್ನ ಕಥೆ. ಅಲ್ಲಿಂದ ಬರಿಗೈಯಲ್ಲಿ ವಾಪಸು ಕರೆತಂದದ್ದೂ ಅದೇ ಕಥೆಯ ಕೊನೆಯ ಅಧ್ಯಾಯ. ಅಪ್ಪ ಅಂದು ನನ್ನ ಮುಖ ನೋಡದೆ ದೀಪ ನೋಡಿ ಮಾತನಾಡಿದ್ದು ಯಾಕೆಂದು ಆಗ ತಿಳಿಯಿತು. ನಾನು ಅಷ್ಟು ವರ್ಷ ಅವರ ಮೇಲೆ ಒಳಗೊಳಗೆ ಮುನಿಸಿಕೊಂಡೇ ಇದ್ದೆ. ಈಗ ಹೋಗಿ ಕೇಳೋಣವೆಂದರೆ ಅವರಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿದೆ.

ಸೋದರಮಾವನ ಮನೆ ಸುಳ್ಯದ ಆಚೆ. ಸುಬ್ರಹ್ಮಣ್ಯಕ್ಕೆ ಹೋಗಿ ಬಸ್ಸು ಬದಲಾಯಿಸಿ, ಸುಳ್ಯದ ಪೇಟೆಯಲ್ಲಿಳಿದು, ಸಾಮಾನಿಗಾಗಿ ಒಂದು ಜೀಪು ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ತಮ್ಮ ಹಲ್ಲು ಕಚ್ಚಿಕೊಂಡಿದ್ದ. ಜೀಪಿನ ಸದ್ದು ಕೇಳಿ ಮಾವ ಚಾವಡಿಯಿಂದ ಇಳಿದು ಬಂದರು. ಬೆಳ್ಳಗಿನ ಮುಂಡು, ನೆಟ್ಟಗಿನ ಬೆನ್ನು, ಇನ್ನೂ ತೋಟದ ಕೆಲಸಕ್ಕೆ ತಾವೇ ಇಳಿಯುವ ಗಟ್ಟಿಮುಟ್ಟಾದ ಮನುಷ್ಯ. ತಮ್ಮನ ಹೆಗಲ ಮೇಲೆ ಕೈಯಿಟ್ಟು, ‘ಬಾ ಅಳಿಯ, ನಿನ್ನ ಮನೆಗೆ ನೀನು ಬಂದದ್ದು, ಮುಖ ಯಾಕೆ ಹಾಗೆ ಮಾಡುದು?’ ಎಂದರು. ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮಾವನ ಹೆಂಡತಿ ಎಲ್ಲರಿಗೂ ನೀರು ಬೆಲ್ಲ ತಂದಿಟ್ಟರು. ಚೆನ್ನಾಗಿಯೇ ಮಾತನಾಡಿಸಿದರು, ತಮ್ಮನ ಹತ್ತಿರ ಮಾತ್ರ ಸ್ವಲ್ಪ ಹೆಚ್ಚೇ ಮರ್ಯಾದೆಯಿಂದ.

ಕಂಬದ ಮರೆಯಲ್ಲಿ ಮಾವನ ಮಗಳು ನಿಂತಿದ್ದಳು. ಎಂಟು ಒಂಬತ್ತು ವರ್ಷದ ಹುಡುಗಿ, ಎರಡು ಜಡೆ. ನಮ್ಮ ಟ್ರಂಕುಗಳನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ತಮ್ಮನ ಮೇಲೆ ಕಣ್ಣು ನೆಟ್ಟವಳು ತೆಗೆಯಲಿಲ್ಲ. ನಾನು ನಕ್ಕು ಹತ್ತಿರ ಕರೆದೆ. ಬರಲಿಲ್ಲ. ಅವಳು ನೇರ ಹೋಗಿ ತಮ್ಮನ ಎದುರು ನಿಂತು, ತನ್ನ ಅಪ್ಪ ಪಕ್ಕದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿರುವಾಗಲೇ, ಮೆಲ್ಲಗೆ ಕೇಳಿದಳು.

‘ಬಾವ, ನಾವು ಯಾವಾಗ ಹೋಗಬೇಕು?’

ಮಾವನ ಕೈ ಎಲೆಯ ಮೇಲೆ ನಿಂತಿತು. ಒಳಗೆ ಪಾತ್ರೆಯ ಸದ್ದೂ ನಿಂತಿತು. ತಮ್ಮ ಕುಳಿತಲ್ಲಿಂದ ಎದ್ದು ನಿಂತ. ಸಹಾಯಕ್ಕೆಂದು ನನ್ನ ಕಡೆ ನೋಡಿದ. ನನ್ನ ಯುವರಾಜ ಅವನು. ಆ ಹುಡುಗಿಯ ಕಣ್ಣಿಗೆ ಅವನು ಯಾರಾಗಿ ಕಾಣುತ್ತಿದ್ದಾನೆಂದು ಆ ಚಾವಡಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.